ಪೋರ್ಚಿನಲ್ಲಿ ನಿಂತ ಫೈಬರ್ ಡಬ್ಬಿ

ನಮ್ಮ ಮನೆಯ ಪೋರ್ಚಿನಲ್ಲಿ ಒಂದು ಫೈಬರ್ ಡಬ್ಬಿ ನಿಂತಿದೆ. ಬೀದಿಯವರು ಅದನ್ನು ಕ್ಯಾರವಾನ್ ಎನ್ನುತ್ತಾರೆ. ನನ್ನ ಗಂಡ ಗಾಡಿ ಎನ್ನುತ್ತಿದ್ದರು. ನಾನು ಕಂಡ ದಿನವೇ ಡಬ್ಬಿ ಎಂದೆ. ದೊಡ್ಡ ಬೋಗುಣಿಯ ಮೇಲೆ ಇನ್ನೊಂದು ಬೋಗುಣಿ ಕವುಚಿ, ನಡುವೆ ಪಟ್ಟಿ ಹೊಡೆದು, ಕೆಳಗೆ ಎರಡು ಚಕ್ರ ಇಟ್ಟರೆ ಹೇಗೋ ಹಾಗಿದೆ ಅದು. ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವುದು. ಒಳಗೆ ಇಬ್ಬರು ಒತ್ತಿ ಮಲಗುವ ಹಾಸಿಗೆ, ಒಂದು ಗ್ಯಾಸ್ ಒಲೆ, ಕೈ ತೊಳೆಯುವ ಬೇಸಿನ್. ಒಬ್ಬರು ನಿಂತರೆ ಇನ್ನೊಬ್ಬರು ಕೂರಬೇಕು, ಅಷ್ಟೇ ಜಾಗ.

ನಾವು ಕುಂದಾಪುರದ ಕಡೆಯ ಕಡಲ ಕರೆಯವರು. ಗಂಡ ಊರಲ್ಲಿ ಫೈಬರ್ ದೋಣಿ ಕಟ್ಟುವ ಕೆಲಸ ಕಲಿತು, ಅದೇ ಕೆಲಸದ ಮೇಲೆ ಮಲಯ್ ನಾಡಿನ ಪೆನಾಂಗ್ ದ್ವೀಪಕ್ಕೆ ಬಂದರು. ಆಮೇಲೆ ನಾನು ಬಂದೆ. ಬಯಾನ್ ಲೆಪಾಸ್‌ನಲ್ಲಿ ನಮ್ಮ ಸುತ್ತಮುತ್ತ ಇರುವವರು ಫ್ಯಾಕ್ಟರಿ ಇಂಜಿನಿಯರುಗಳು, ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿ ಹೋಗುವವರು. ನಮ್ಮವರು ಸಂಜೆ ಮನೆಗೆ ಬಂದರೆ ಮೈತುಂಬ ಫೈಬರ್ ಪುಡಿ, ಒಗೆದ ನನ್ನ ಕೈಗೆ ತುರಿಕೆ. ಮಗಳು ಇಲ್ಲೇ ಓದಿ, ಬೇರೆ ರಾಜ್ಯದ ಸೈಬರ್‌ಜಯಾದಲ್ಲಿ ಕೆಲಸ ಹಿಡಿದು ಅಲ್ಲೇ ಸಂಸಾರ ಮಾಡಿದಳು.

ಆ ಡಬ್ಬಿಯನ್ನು ದೇಶ ಬಿಟ್ಟು ಹೋಗುವ ಒಬ್ಬ ಬಿಳಿಯನು ಇವರು ಕೆಲಸ ಮಾಡುವ ದೋಣಿ ಯಾರ್ಡಿನಲ್ಲಿ ಬಿಟ್ಟುಹೋಗಿದ್ದ. ಮರದ ಕೊಂಬೆ ಬಿದ್ದು ಮೇಲಿನ ಮಾಡು ಸೀಳಿತ್ತು. ಬೇಕಾದರೆ ತೆಗೆದುಕೊಂಡು ಹೋಗು ಎಂದು ಯಾರ್ಡಿನ ಯಜಮಾನ ಹೇಳಿದನಂತೆ. ಎಳೆದು ತಂದೇ ಬಿಟ್ಟರು.

"ಒಡ್ದ ಮೊಟ್ಟೆ ತಂದ್ರೆ ಮರಿ ಆತ್ತಾ?" ಎಂದೆ.

"ದೋಣಿ ಆಪುದಾದ್ರೆ ಇದ್ ಎಂತಕ್ ಆತಿಲ್ಲೆ?" ಎಂದರು.

ರಜೆಯ ದಿನಗಳಲ್ಲಿ ಕೂತು ಸೀಳಿಗೆ ಫೈಬರ್ ಮ್ಯಾಟ್ ಹಾಸಿ, ರೆಸಿನ್ ಅಂಟು ಬಳಿದು, ಉಜ್ಜಿ, ಮತ್ತೆ ಬಳಿದರು. ಒಂದು ಹನಿ ನೀರು ಒಳಗೆ ಬರಲಿಲ್ಲ. ಆಗ ನನಗೆ ಅದು ಪೋರ್ಚಿನ ಜಾಗ ತಿನ್ನುವ ವಸ್ತು ಅಷ್ಟೇ ಆಗಿತ್ತು.

ಅದರ ಉಪಯೋಗ ಗೊತ್ತಾದದ್ದು ಅವರ ಕಿಡ್ನಿ ಕೈಕೊಟ್ಟ ಮೇಲೆ. ಆಸ್ಪತ್ರೆಯವರು ಹೊಟ್ಟೆಗೆ ಒಂದು ಸಣ್ಣ ನಳಿಗೆ ಇಟ್ಟರು. ಚೀಲದ ಔಷಧಿ ನೀರನ್ನು ಅದರ ಮೂಲಕ ಒಳಗೆ ಬಿಡುವುದು, ಸ್ವಲ್ಪ ಹೊತ್ತು ಇಟ್ಟು ಹೊರಗೆ ಇಳಿಸುವುದು, ಮತ್ತೆ ಹೊಸದು ಬಿಡುವುದು. ದಿನವೂ ಇದೇ. ಮನೆಯಲ್ಲೇ ಮಾಡಬಹುದು, ಆದರೆ ಒಂದು ಚೂರು ಕೊಳೆ ಹೋದರೂ ಹೊಟ್ಟೆ ಕೀವಾಗುತ್ತದೆ. ಅವರ ಕೈ ನಡುಗುತ್ತಿತ್ತು, ಹಾಗಾಗಿ ನಾನು ಕಲಿತೆ. ಮೊದಲು ನರ್ಸು ನನಗೆ ಕೈ ತೊಳೆಯುವುದನ್ನು ಕಲಿಸಿದಳು. ಮೀನು ಕೊಯ್ದು ಕೈ ತೊಳೆದೇ ಇಷ್ಟು ಮುದುಕಿಯಾದವಳು ನಾನು, ನನಗೆ! ಕೋಪ ಬಂತು. ಆದರೂ ಕಲಿತೆ. ಮುಖಕ್ಕೆ ಮಾಸ್ಕ್, ಫ್ಯಾನ್ ಬಂದ್, ಕಿಟಕಿ ಬಂದ್.

ಇನ್ನು ಮನೆ ಬಿಟ್ಟು ಎಲ್ಲಿಗೂ ಹೋಗುವ ಹಾಗಿಲ್ಲ ಎಂದು ನಾನು ಅಂದುಕೊಂಡೆ. ಅವರು ಡಬ್ಬಿಯೊಳಗೆ ಹೋಗಿ ಮಾಡಿಗೆ ಒಂದು ಕೊಕ್ಕೆ ಕೂರಿಸಿದರು. ಔಷಧಿ ಚೀಲ ತೂಗುಹಾಕಲು. ಫೈಬರ್ ಗೋಡೆಗೆ ಸಂದಿಲ್ಲ, ಮೂಲೆಯಿಲ್ಲ, ಸ್ಪಿರಿಟ್ ಹಾಕಿ ಒರೆಸಿದರೆ ಪಾತ್ರೆಯ ಹಾಗೆ ಚೊಕ್ಕ. ಯಾವ ಹೋಟೆಲ್ ರೂಮೂ ಹಾಗಿರುವುದಿಲ್ಲ. ಹಳೆಯ ಪಿಕಪ್ಪಿಗೆ ಕಟ್ಟಿಕೊಂಡು ನಾವಿಬ್ಬರು ಹೊರಟೆವು.

ತುಂಬ ಊರು ನೋಡಿದೆವು. ಸೇತುವೆ ದಾಟಿ, ಕಾಡಿನ ನಡುವಿನ ರಸ್ತೆ ಹಿಡಿದು ಆಚೆ ಕರೆಯ ಕಡಲಿಗೆ ಹೋಗುವುದು ಅವರಿಗೆ ಎಲ್ಲಕ್ಕಿಂತ ಇಷ್ಟ. ಒಂದು ಸಲ ಆ ಕಾಡಿನಲ್ಲಿ ಆನೆಗಳು ರಸ್ತೆಗೆ ಅಡ್ಡ ನಿಂತವು. ನೀರು ಬದಲಿಸುವ ಹೊತ್ತಾಯಿತು. ಆನೆ ಹೋಗುವವರೆಗೆ ಕಾಯುವ ಹಾಗಿಲ್ಲ. ರಸ್ತೆ ಬದಿಯಲ್ಲೇ ನಿಲ್ಲಿಸಿ, ಒಳಗೆ ಬಾಗಿಲು ಹಾಕಿಕೊಂಡು, ಕೈ ತೊಳೆದು ಚೀಲ ತೂಗುಹಾಕಿದೆ. ಕಿಟಕಿಯಿಂದ ಆನೆಯ ಬೆನ್ನು ಕಾಣುತ್ತಿತ್ತು. "ನಿನ್ ತಂಗಿ ಬಂದಿತ್ತ್, ಮಾತಾಡ್ಸ್" ಎಂದರು. ಮುಖಕ್ಕೆ ಮಾಸ್ಕ್ ಇತ್ತು, ಇಲ್ಲದಿದ್ದರೆ ಸರಿಯಾದ ಉತ್ತರ ಕೊಡುತ್ತಿದ್ದೆ.

ಕಡಲ ಬದಿಗೆ ಹೋದರೆ ಗಾಳಿ ಮರದ ಅಡಿಯಲ್ಲಿ ನಿಲ್ಲಿಸುತ್ತಿದ್ದೆವು. ಡಬ್ಬಿಯೊಳಗೆ ಒಣಮೀನು ಸುಡಬಾರದು ಎಂಬುದು ಅವರ ಕಟ್ಟಪ್ಪಣೆ. ನಾನು ಹೊರಗೆ ಒಲೆ ಇಟ್ಟು ಸುಡುತ್ತಿದ್ದೆ. ಮಲಯ್ ಹೆಂಗಸರು ವಾಸನೆಗೆ ಬರುವರು, "ಮಕಾನ್, ಮಕಾನ್", ತಿನ್ನಿ ತಿನ್ನಿ, ಎಂದು ತಮ್ಮದನ್ನೂ ತಂದು ಇಡುವರು. ಬೇಯಿಸಲು ಬೇಸರವಾದ ದಿನ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಿಂದ ರೊಟ್ಟಿ ತಪಾವ್ ಮಾಡಿಸಿ, ಪೊಟ್ಟಣ ಕಟ್ಟಿಸಿಕೊಂಡು ಬರುವುದು. ಜಗಳ ಮಾಡಿದರೆ ಹೋಗಿ ಕೂರಲು ಬೇರೆ ಕೋಣೆಯಿಲ್ಲ. ಅದೊಂದು ಕಷ್ಟ.

ಆಮೇಲೆ ಲೋಕಕ್ಕೆಲ್ಲ ಆ ರೋಗ ಬಂತು. ಮಾಸ್ಕ್ ಹಾಕಿಕೊಂಡು ತಿರುಗುವ ನಮ್ಮನ್ನು ನೋಡಿ ನಗುತ್ತಿದ್ದವರೆಲ್ಲ ಮಾಸ್ಕ್ ಹಾಕಿದರು. ರಸ್ತೆಗಳಿಗೆ ಪೊಲೀಸರು ಅಡ್ಡ ಕೂತರು. ಮನೆಗೊಬ್ಬರು ಮಾತ್ರ ಅಂಗಡಿಗೆ ಹೋಗಬೇಕು, ರಾಜ್ಯ ದಾಟಿ ಹೋಗಬಾರದು. ಡಬ್ಬಿ ಪೋರ್ಚಿನಲ್ಲಿ ನಿಂತಿತು.

ಅವರು ನೀರು ಬದಲಿಸಲು ಮಾತ್ರ ಅದರೊಳಗೇ ಹೋಗುತ್ತಿದ್ದರು. ಮನೆಗಿಂತ ಅದೇ ಚೊಕ್ಕ ಎಂದು. ಹಾಸಿಗೆಯ ಮೇಲೆ ಕೂತು, ಪರದೆ ಸರಿಸಿ, "ಇವತ್ತ್ ಯಾವ ಊರಿಗ್ ಬಂದ್ವೇ?" ಎಂದು ಕೇಳುವರು.

"ಬಯಾನ್ ಲೆಪಾಸ್. ನಿನ್ನೆಯೂ ಅದೇ, ನಾಳೆಯೂ ಅದೇ."

"ಅಡ್ಡಿಲ್ಲೆ. ಒಳ್ಳೆ ಊರ್."

ಎರಡನೇ ವರ್ಷ ಅವರ ಹೃದಯ ಸೋತಿತು. ಕಾಲು ಬಾತು ಮರದ ಕೊರಡಿನ ಹಾಗಾಯಿತು. ಆಸ್ಪತ್ರೆಗೆ ಸೇರಿಸಿದರೆ ನನ್ನನ್ನು ಒಳಗೆ ಬಿಡಲಿಲ್ಲ. ಹೊರಗೆ ಮರದ ಕೆಳಗೆ ಕೂತು ಬರುತ್ತಿದ್ದೆ. ಕೊನೆಗೆ ಡಾಕ್ಟರು ಮಗಳಿಗೆ ಫೋನು ಮಾಡಿ, ಇನ್ನು ಮಾಡುವುದು ಹೆಚ್ಚೇನಿಲ್ಲ, ಇಲ್ಲಿ ಒಬ್ಬರೇ ಇರುವುದಕ್ಕಿಂತ ಮನೆಯಲ್ಲಿರಲಿ ಎಂದರು. ಕರೆದುಕೊಂಡು ಬಂದೆ. ಒಳಕೋಣೆಯ ಮಂಚದಲ್ಲಿ ಮಲಗಿಸಿದೆ. ಅದು ಅವರೇ ಯಾರ್ಡಿನ ಹಲಗೆಯಲ್ಲಿ ಮಾಡಿದ ಮಂಚ. ಹೊರಳಿದರೆ ಸದ್ದಾಗುವುದಿಲ್ಲ.

ಕೆಲವು ದಿನ ಅಲ್ಲಿದ್ದರು. ಒಂದು ದಿನ ಬೆಳಿಗ್ಗೆ ದಿಂಬು ಕಂಕುಳಲ್ಲಿ ಹಿಡಿದು, ಗೋಡೆ ಹಿಡಿದು ಹೊರಗೆ ಹೊರಟರು.

"ಎಲ್ಲಿಗೆ?"

"ಗಾಡಿಗೆ. ಅಲ್ಲಿ ಗಾಳಿ ಬತ್ತ್."

ಗಾಳಿಯೂ ಇಲ್ಲ, ಎಂಥದೂ ಇಲ್ಲ. ಬಿಸಿಲು ಏರಿದರೆ ಫೈಬರ್ ಕಾದ ಕಾವಲಿ. ಅಲ್ಲೇ ಮಲಗಿದರು, ಅಲ್ಲೇ ಉಂಡರು. ನಾಲ್ಕೈದು ದಿನ ಬಿಟ್ಟು ದಿಂಬು ಹಿಡಿದು ಒಳಗೆ ಬಂದರು. ಮುಂದಿನ ತಿಂಗಳು ಮತ್ತೆ ಹಾಗೆಯೇ. ಅದರ ಮುಂದಿನ ತಿಂಗಳೂ. ನನಗೆ ತಡೆಯಲಾಗಲಿಲ್ಲ.

"ಎಂತ, ತಿಂಗ್ಳ್ ತಿಂಗ್ಳ್ ಹೊರಗ್ ಕೂಕಂಬುಕೆ ನಿಮ್ಗೂ ಶುರುವಾಯ್ತಾ? ನಂಗೆ ನಿಂತ್ ಎಷ್ಟ್ ಕಾಲ ಆಯ್ತ್!" ಎಂದೆ.

ಅವರು ಕೆಮ್ಮುವವರೆಗೆ ನಕ್ಕರು.

ಕಾರಣ ಹೇಳಿದ್ದು ಪಕ್ಕದ ಮನೆಯ ತಮಿಳು ಹೆಂಗಸು. ನನ್ನದೇ ವಯಸ್ಸಿನವಳು. ಅವಳ ತಮಿಳು, ನನ್ನ ಕನ್ನಡ, ನಡುವೆ ಪೇಟೆ ಮಲಯ್ ಸೇರಿಸಿ ನಮ್ಮ ಮಾತು ನಡೆಯುತ್ತದೆ. ಅವಳ ಅಡುಗೆಮನೆಯಲ್ಲಿ ದಿನದ ಹಾಳೆ ಹರಿಯುವ ತಮಿಳು ಕ್ಯಾಲೆಂಡರ್ ಇದೆ. ಒಂದು ದಿನ ಗೋಡೆಯ ಆಚೆಯಿಂದ, "ಅಕ್ಕಾ, ಅಯ್ಯಾಗೆ ಮೈ ಸರಿ ಇಲ್ಲವಾ? ಇವತ್ತು ಇನ್ನೂ ನಕ್ಷತ್ರ ಕೇಳಲಿಲ್ಲ" ಎಂದಳು.

"ಯಾವ ನಕ್ಷತ್ರ?"

"ದಿನಾ ಕೇಳ್ತಾರಲ್ಲಾ. ಅವಿಟ್ಟಂ ಯಾವಾಗ ಶುರು, ರೇವತಿ ಯಾವಾಗ ಮುಗೀತದೆ ಅಂತ." ಇಷ್ಟು ಹೇಳಿ ನನ್ನ ಮುಖ ನೋಡಿದಳು. "ನಿಮಗೆ ಗೊತ್ತಿಲ್ಲವಾ? ಅಯ್ಯಯ್ಯೋ, ನಾನು ಹೇಳಬಾರದಿತ್ತು."

ಕೈಯಲ್ಲಿದ್ದ ಬಕೆಟ್ ಕೆಳಗಿಟ್ಟೆ. ಅವಳು ಅವಿಟ್ಟಂ ಎಂದದ್ದು ನಮ್ಮ ಧನಿಷ್ಠೆ. ಅಲ್ಲಿಂದ ರೇವತಿಯವರೆಗೆ ಐದು ನಕ್ಷತ್ರ. ಆ ಐದರಲ್ಲಿ ಯಾರಾದರೂ ಸತ್ತರೆ ಸತ್ತ ಮನೆಗೆ ದೋಷ. ಮನೆಯವರೆಲ್ಲ ಹೊರಟು ಮನೆ ಮುಚ್ಚಬೇಕು, ಆರು ತಿಂಗಳು ಅಲ್ಲಿ ಒಲೆ ಹಚ್ಚಬಾರದು, ದೀಪ ಇಡಬಾರದು. ಮುಚ್ಚದಿದ್ದರೆ ಆ ಮನೆಯಲ್ಲಿ ಇನ್ನೂ ಸಾವು ಎಂಬ ಮಾತು. ಊರಲ್ಲಿ ಅದಕ್ಕೇ ಜೀವ ಹೋಗುವವರನ್ನು ಮೊದಲೇ ಜಗಲಿಗೆ ತಂದು ಮಲಗಿಸುತ್ತಾರೆ. ಇಲ್ಲಿ ನಮಗೆ ಜಗಲಿ ಎಲ್ಲಿದೆ?

ನನ್ನ ಗಂಡನ ಅಪ್ಪ ತೀರಿದ್ದು ಅಂಥ ನಕ್ಷತ್ರದಲ್ಲೇ. ಬಾಗಿಲಿಗೆ ಮುಳ್ಳಿನ ಕೊಂಬೆ ಬಡಿದು, ನನ್ನ ಅತ್ತೆ ಮಕ್ಕಳನ್ನು ಕಟ್ಟಿಕೊಂಡು ಕಡಲ ಬದಿಯಲ್ಲಿ ದೋಣಿ ಇಡುವ ಚಪ್ಪರದಲ್ಲಿ ಆರು ತಿಂಗಳು ಕಳೆದರು. ಎಲ್ಲರಿಗಿಂತ ಸಣ್ಣ ಹುಡುಗಿ ಅಲ್ಲೇ ಜ್ವರ ಬಂದು ತೀರಿಹೋಯಿತು. ಇದನ್ನು ನನಗೆ ಹೇಳಿದ್ದು ಅತ್ತೆ. ಗಂಡ ಒಂದು ದಿನವೂ ಬಾಯಿ ಬಿಟ್ಟವರಲ್ಲ.

ಡಬ್ಬಿಯ ಬಾಗಿಲು ತೆಗೆದು ಕೇಳಿದೆ.

"ಹ್ವಾಯ್, ನಕ್ಷತ್ರ ಕಂಡ್ಕಂಡ್ ಸಾಯುಕೆ ಹೊರ್ಟಿದ್ರ್ಯಾ?"

"ಸಾವ್ ನನ್ನ ಕೈಯಗಿಲ್ಲೆ. ಜಾಗ ನನ್ನ ಕೈಯಗಿತ್ತ್" ಎಂದರು.

"ಮಂಚ ಬಿಟ್ ನಾಯಿ ಹಾಂಗೆ ಹೊರಗ್ ಮನಿಕಂಬುದಾ?"

"ಮನೆ ಮುಚ್ಚುದಾದ್ರೆ ನೀ ಎಲ್ಲಿಗ್ ಹೋಪುದ್? ಮಗಳ ಊರಿಗ್ ಪೊಲೀಸ್ರ್ ಬಿಡುದಿಲ್ಲೆ. ಊರಿಗ್ ಹೋಪುಕೆ ವಿಮಾನ ಇಲ್ಲೆ. ಈ ಕಾಲದಗೆ ನಿನ್ನ ಯಾರ್ ಒಳಗ್ ಕರೀತ್ರ್?"

"ನಾ ಮುಚ್ಚುದೇ ಇಲ್ಲ. ಇಲ್ಲಿ ಯಾವ ಭಟ್ರ್ ಬಂದ್ ಕಾಂತ್ರ್?"

"ಭಟ್ರ್ ಕಾಂಬುದ್ ಬೇಡ. ಮಗಳಿಗ್ ಒಂದ್ ಜ್ವರ ಬಂದ್ರೆ, ಮೊಮ್ಮಗು ಒಮ್ಮೆ ಬಿದ್ರೆ, ನೀ ಎಂತ ಹೇಳ್ತೆ? ಮನೆ ಮುಚ್ಚಲಿಲ್ಲ, ಅದ್ಕೇ ಆಯ್ತ್ ಅಂತ್ಲೇ ಹೇಳ್ತೆ. ನಂಗೆ ನಿನ್ನ ಗೊತ್ತಿಲ್ಯಾ?"

ಹಾಗೆಯೇ ಹೇಳುವವಳು ನಾನು.

"ಇದ್ಕೆ ಹೊಸ್ತಿಲ್ ಇಲ್ಲೆ, ಪಾಯ ಇಲ್ಲೆ, ಚಕ್ರ ಇತ್ತ್" ಎಂದು ಅವರು ಗೋಡೆಗೆ ಅಂಗೈ ಬಡಿದರು. "ದೋಷ ಬಂದ್ರೆ ಇದ್ಕೇ ಬರ್ಲಿ. ಬೀಗ ಹಾಕಿ ಬಿಡ್. ಮನೆ ನಿಂಗೆ ಬೇಕ್."

ಆಮೇಲೆ ನಾವು ಜಗಳ ಆಡಲಿಲ್ಲ. ಐದು ನಕ್ಷತ್ರ ಬಂದಾಗ ಅವರ ಜೊತೆ ನಾನೂ ದಿಂಬು ಹಿಡಿದು ಹೋದೆ. ಗೋಡೆಯ ಆಚೆಯಿಂದ ತಮಿಳಿನವಳು ನಕ್ಷತ್ರ ಕೂಗಿ ಹೇಳುವಳು, ನಾನು ಅವರಿಗೆ ಹೇಳುವೆ. ಮಗಳಿಗೆ ಹೇಳಲಿಲ್ಲ. ಅವಳು ಫೋನಿನಲ್ಲಿ ನೋಡಿ, "ಅಪ್ಪ ಯಾಕೆ ಕ್ಯಾರವಾನ್‌ನಲ್ಲಿ? ಸೋ ಹಾಟ್ ಲಾ ಅಮ್ಮ, ಪ್ಲೀಸ್, ಏಸಿ ರೂಮಿಗೆ ಕರ್ಕೊಂಡು ಹೋಗಿ" ಎನ್ನುವಳು. "ನಿನ್ ಅಪ್ಪ ಟೂರ್ ಹೋಯಿದ್ರ್, ಬತ್ರ್" ಎನ್ನುವೆ.

ಕೊನೆಯ ಸಲ ಅವರು ತಮ್ಮ ಕಾಲ ಮೇಲೆ ನಡೆದೇ ಹೋದರು. ಡಬ್ಬಿಯ ಮೆಟ್ಟಿಲು ಹತ್ತಲು ತುಂಬ ಹೊತ್ತು ಹಿಡಿಯಿತು. ಒಂದು ಕಾಲು ಮೇಲಿಟ್ಟು ನಿಂತು ಉಸಿರು ತೆಗೆದು, ನನ್ನ ಹೆಗಲು ಹಿಡಿದು ಇನ್ನೊಂದನ್ನು ಎತ್ತಿದರು. ಒಳಗೆ ಹೋಗಿ ಹಾಸಿಗೆಯ ಆಚೆ ತುದಿಗೆ ಸರಿದು ಮಲಗಿದರು. ಆ ದಿನಗಳಲ್ಲಿ ಮಳೆಯೇ ಇಲ್ಲ. ಪೋರ್ಚಿನ ಶೀಟಿನ ಅಡಿಯಲ್ಲಿದ್ದರೂ ಒಳಗೆ ಬೇಯುತ್ತಿತ್ತು. ತಮಿಳಿನವಳು ಟೇಬಲ್ ಫ್ಯಾನ್ ಕೊಟ್ಟಳು. ನಾನು ಪೈಪು ಹಿಡಿದು ಹೊರಗಿನಿಂದ ಮಾಡಿಗೆ, ಗೋಡೆಗೆ ನೀರು ಬಿಡುತ್ತಿದ್ದೆ. ಬಿಟ್ಟ ಹೊತ್ತಿಗೆ ತಂಪು, ನಿಲ್ಲಿಸಿದರೆ ಮತ್ತೆ ಕಾವು.

ರೇವತಿ ಮುಗಿಯಿತು. "ಅಕ್ಕಾ, ಇವತ್ತು ಅಶ್ವಿನಿ! ಸುದ್ದ! ಒಳಗೆ ಕರ್ಕೊಂಡು ಹೋಗಿ!" ಎಂದು ತಮಿಳಿನವಳು ಬೆಳಿಗ್ಗೆಯೇ ಕೂಗಿದಳು.

"ಕೇಂತಾ? ಅಶ್ವಿನಿ ಬಂತ್. ಏಳಿ, ಮಂಚಕ್ಕೆ ಹೋಪ" ಎಂದೆ.

"ಹೋಪ" ಎಂದರು.

ಏಳಲು ಆಗಲಿಲ್ಲ.

ಕೂರಿಸಿದೆ, ಬಿದ್ದರು. ತಮಿಳಿನವಳು ಮಾಸ್ಕ್ ಹಾಕಿಕೊಂಡು ಗೋಡೆ ಸುತ್ತಿ ಬಂದಳು. ಅವಳು ಕಾಲ ಕಡೆ, ನಾನು ಕಂಕುಳ ಕಡೆ. ಹಾಸಿಗೆಯ ಅಂಚಿನವರೆಗೆ ಬಂದೆವು. ಬಾಗಿಲು ಒಬ್ಬರು ಅಡ್ಡ ತಿರುಗಿ ದಾಟುವಷ್ಟೇ ಅಗಲ. ಅಲ್ಲಿ ಒಬ್ಬರು ಹೊತ್ತು, ಒಬ್ಬರು ಹಿಡಿದು, ಮೆಟ್ಟಿಲು ಇಳಿಯಬೇಕು. ಇಬ್ಬರೂ ಮುದುಕಿಯರು. ಬಾತ ಕಾಲನ್ನು ಎಲ್ಲಿ ಹಿಡಿದರೂ ಅವರಿಗೆ ನೋವು. ಅವರೇ, "ದೋಣಿ ಮರಳಿಗ್ ಕೂಕಂತ್. ಬಿಡಿ ಮಾರಾಯ್ತ್ಯರೇ" ಎಂದರು. ತಮಿಳಿನವಳಿಗೆ ಅರ್ಥವಾಗದಿದ್ದರೂ ಅಳಲು ಶುರುಮಾಡಿದಳು. ನಾನು ಗದರಿದೆ.

ಮಗಳಿಗೆ ಫೋನು ಮಾಡಿದೆ. ಅವಳು ಎಲ್ಲೆಲ್ಲಿಗೋ ಮಾಡಿದಳು. ಆಂಬುಲೆನ್ಸುಗಳೆಲ್ಲ ರೋಗದವರ ಹಿಂದೆ. ಡಬ್ಬಿಯಿಂದ ಮಂಚಕ್ಕೆ ಸಾಗಿಸಲು ಯಾರು ಬರುತ್ತಾರೆ? ಎದುರು ಮನೆಯ ಇಂಜಿನಿಯರ್ ಗೇಟಿನವರೆಗೆ ಬಂದ, ಗಟ್ಟಿಮುಟ್ಟಾದ ಆಳು. ಒಳಗಿನಿಂದ ಹೆಂಡತಿ ಅವನನ್ನು ಕರೆದಳು. ಅವರ ಮನೆಯಲ್ಲಿ ಎಳೆಯ ಮಗು. ಅವನು ನನ್ನನ್ನು ನೋಡಿ ಕೈ ಮುಗಿದು ಹಿಂದೆ ಹೋದ. ಅವನನ್ನು ಬೈಯುವುದಿಲ್ಲ. ಮನೆಯಲ್ಲಿ ಎಳೆಯ ಮಗು ಇದ್ದಿದ್ದರೆ ನಾನೂ ಗಂಡನನ್ನು ಒಳಗೆ ಕರೆಯುತ್ತಿದ್ದೆ.

ಅವರು ಅಲ್ಲೇ ಉಳಿದರು. ಊಟ ಬೇಡ ಎಂದರು, ನೀರು ಬೇಡ ಎಂದರು. "ಮಂಚ" ಎಂದು ಮಾತ್ರ ಆಗಾಗ ಕೇಳುವರು. ಸಣ್ಣ ಮಗು ಕೇಳಿದ ಹಾಗೆ.

"ನಾಳೆ" ಎನ್ನುವೆ.

"ಇವತ್ತ್ ಯಾವ್ದ್?"

"ಭರಣಿ. ಎಂತ ದೋಷ ಇಲ್ಲ."

"ಹಾಂಗಾರೆ ಮಂಚಕ್ಕೆ ಹೋಪ" ಎನ್ನುವರು.

ಆ ಭರಣಿಯ ದಿನ ಮಧ್ಯಾಹ್ನ ಬಿಸಿಲು ಜೋರಾಗಿತ್ತು. ನಾನು ಹೊರಗೆ ನಿಂತು ಮಾಡಿಗೆ ನೀರು ಬಿಡುತ್ತಿದ್ದೆ. ಆ ಸದ್ದಿಗೆ ಒಳಗಿನದು ಏನೂ ಕೇಳುವುದಿಲ್ಲ. ನೀರು ನಿಲ್ಲಿಸಿ, ಪೈಪು ಸುತ್ತಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದೆ. ಆಗಿಹೋಗಿತ್ತು. ಕಣ್ಣು ಅರ್ಧ ತೆರೆದಿತ್ತು. ನಾನೇ ಮುಚ್ಚಿದೆ.

ಆ ದಿನಗಳ ಕಾನೂನಿನಂತೆ ಯಾರು ಸತ್ತರೂ ಮೊದಲು ರೋಗ ಇದೆಯೋ ನೋಡಬೇಕು. ತಲೆಯಿಂದ ಕಾಲಿನವರೆಗೆ ಬಿಳಿ ಅಂಗಿ ಹಾಕಿಕೊಂಡ ನಾಲ್ಕು ಜನ ಬಂದರು. ಒಬ್ಬ ಒಳಗೆ ಹೋದ, ಒಬ್ಬ ಬಾಗಿಲಲ್ಲಿ ನಿಂತ, ಇಬ್ಬರು ಕೆಳಗೆ. ಓರೆ ಮಾಡಿ, ಎತ್ತಿ, ಅದೇ ಬಾಗಿಲಿನಿಂದ ಹೊರಗೆ ತಂದರು. ಒಂದು ಎಲೆ ಅಡಿಕೆ ಜಗಿಯುವಷ್ಟು ಹೊತ್ತೂ ಆಗಲಿಲ್ಲ. ನಿನ್ನೆ ಬಂದು ಇಷ್ಟು ಮಾಡಿದ್ದರೆ ಎಂದು ನನಗೆ ಸಿಟ್ಟು ಬಂತು. ಸತ್ತದ್ದಕ್ಕಲ್ಲ. ಅದು ಗೊತ್ತಿದ್ದದ್ದೇ.

ಮಗಳು ಪೊಲೀಸರ ಕಾಗದ ಮಾಡಿಸಿಕೊಂಡು ಕಾರು ಓಡಿಸಿಕೊಂಡು ಬಂದಳು. ದಹನ ಆಯಿತು, ಬೂದಿ ಕಡಲಿಗೆ ಬಿಟ್ಟೆವು. ಅವಳು ಊರಿನ ಭಟ್ಟರಿಗೆ ವಿಡಿಯೋ ಕಾಲ್ ಮಾಡಿ ಜೀವ ಹೋದ ಹೊತ್ತು ಹೇಳಿದಳು. ಅವರು ಪಂಚಾಂಗ ತಿರುವಿ, ನಕ್ಷತ್ರ ಒಳ್ಳೆಯದಿದೆ, ಮನೆ ಮುಚ್ಚುವ ಪ್ರಶ್ನೆಯೇ ಇಲ್ಲ ಎಂದರು. "ಥ್ಯಾಂಕ್ ಗಾಡ್, ಅಮ್ಮ. ನೋ ಪ್ರಾಬ್ಲೆಮ್" ಎಂದು ಮಗಳು ನನ್ನ ಬೆನ್ನು ಸವರಿದಳು. ಆಗ ಅವಳಿಗೆ ಎಲ್ಲ ಹೇಳಿದೆ. ಐದು ನಕ್ಷತ್ರದ್ದು, ಚಪ್ಪರದ್ದು, ಮಂಚದ್ದು. ಅವಳು ಮೊದಲು ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ನನಗೂ ಅವಳ ಅಪ್ಪನಿಗೂ ಬೈದಳು. ಯಾವ ಕಾಲದಲ್ಲಿದ್ದೀರಿ, ಏಸಿ ರೂಮು ಇಟ್ಟುಕೊಂಡು ಅಪ್ಪನನ್ನು ಬೇಯಿಸಿದಿರಿ ಎಂದಳು. ಬೈಯಲಿ. ಬೈದು ಮುಗಿದ ಮೇಲೆ ಡಬ್ಬಿಯ ಮೆಟ್ಟಿಲ ಮೇಲೆ ಕೂತಳು, ಸಂಜೆಯವರೆಗೆ ಏಳಲಿಲ್ಲ.

ರಸ್ತೆ ತೆರೆದ ಮೇಲೆ ಅವಳು ಮತ್ತೆ ಬಂದಳು. ನನ್ನನ್ನು ಕರೆದುಕೊಂಡು ಹೋಗಲು. ಒಂದು ಕೋಣೆ ಖಾಲಿ ಮಾಡಿಸಿದ್ದಾಳಂತೆ, ಮೊಮ್ಮಗು ಅಜ್ಜಿ ಬರುತ್ತಾಳೆ ಎಂದು ಕಾಯುತ್ತಿದೆಯಂತೆ. ಡಬ್ಬಿಯನ್ನು ಕೊಳ್ಳಲು ಯಾರೋ ಇದ್ದಾರಂತೆ.

"ಡಬ್ಬಿ ಕೊಡ್" ಎಂದೆ. "ಬೇಕಾದವರು ತಕಂಡ್ ಹೋಗ್ಲಿ. ನಂಗೆ ಅದ್ರಗೆ ಎಂತ ಕೆಲಸ? ಗಾಡಿ ಬಿಡುಕೆ ಬತ್ತಾ ನಂಗೆ?"

"ಓಕೆ. ಆಂಡ್ ಯೂ, ಅಮ್ಮ?"

"ನಾ ಬತ್ತಿಲ್ಲೆ."

"ಇಲ್ಲಿ ಒಬ್ರೇ ಏನು ಮಾಡ್ತೀರಿ? ಅಪ್ಪನೂ ಇಲ್ಲ. ವೈ, ಅಮ್ಮ?"

"ನಿನ್ ಅಪ್ಪ ಆ ಕಾವಲಿ ಮೇಲೆ ಮನಿಕಂಡದ್ದ್ ಎಂತಕ್ಕೆ? ನಾ ಈ ಮನೆಯಗ್ ಇರ್ಕ್ ಅಂದೇಳಿ. ಈಗ ನಾನೇ ಬೀಗ ಹಾಕಿ ಬಂದ್ರೆ ಅವ್ರಿಗ್ ಎಂತ ಹೇಳುದ್?"

ಮಗಳು ಎರಡು ದಿನ ಇದ್ದು, ಫ್ರಿಜ್ ತುಂಬಿಸಿ ಹೋದಳು. ಡಬ್ಬಿ ಕೊಳ್ಳುವವರು ಬಂದು ನೋಡಿದರು, ಮುಂದಿನ ವಾರ ಎಂದರು, ಇನ್ನೂ ಬಂದಿಲ್ಲ. ಬಂದರೆ ಕೊಡುತ್ತೇನೆ.

ಒಳಕೋಣೆಯ ಮಂಚದಲ್ಲಿ ಈಗ ನಾನು ಮಲಗುತ್ತೇನೆ. ನಡುವೆ ಮಲಗಲು ಆಗುವುದಿಲ್ಲ, ಗೋಡೆಯ ಕಡೆಗೆ ನನ್ನ ಜಾಗದಲ್ಲೇ. ಬೆಳಿಗ್ಗೆ ಎದ್ದು ಮುಂಬಾಗಿಲು ತೆಗೆಯುತ್ತೇನೆ, ಹೊಸ್ತಿಲಿಗೆ ನೀರು ಹಾಕುತ್ತೇನೆ, ಒಲೆ ಹಚ್ಚುತ್ತೇನೆ. ಹಚ್ಚಬಾರದು ಎಂದು ಹೇಳುವವರು ಯಾರೂ ಇಲ್ಲ.